ಪಾಚಿ ಕಲ್ಲಿನ ಬೆನ್ನು ಹತ್ತಿ

ಕಲ್ಲು ಹುಡುಕಿಕೊಂಡು ತಿರುಗುವವನನ್ನು ನಮ್ಮ ಕಡೆ ಜನ ಸುಮ್ಮನೆ ಬಿಡುವುದಿಲ್ಲ. ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಆಗ ನಾನು ತಿಪಟೂರಿನಲ್ಲಿ ಕಾಲೇಜು ಹುಡುಗರಿಗೆ ಭೂವಿಜ್ಞಾನ ಹೇಳಿಕೊಡುತ್ತಿದ್ದೆ. ಚಿಕ್ಕನಾಯಕನಹಳ್ಳಿ ಕಡೆಯ ಸುಣ್ಣಕಲ್ಲಿನಲ್ಲಿ ಇನ್ನೂರು ಕೋಟಿ ವರ್ಷಕ್ಕೂ ಹಿಂದಿನ ಪಾಚಿಯಂಥ ಜೀವಿಗಳ ಗುರುತಿದೆ ಎಂದು ವಿಜ್ಞಾನಿಗಳು ಓಡಾಡತೊಡಗಿದ್ದರು. ನನಗೂ ಆ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಸುತ್ತಿಗೆ, ಭೂತಗನ್ನಡಿ, ಗೋಣಿಚೀಲ ಹಿಡಿದು ಹೊರಟುಬಿಡುತ್ತಿದ್ದೆ.

ಅಟ್ಟದ ಮಾಲು

ಹುಳಿಯಾರಿನಿಂದ ಬರುವ ಬಸ್ಸು. ಕಾಲ ಬಳಿ ಕಲ್ಲು ತುಂಬಿದ ಚೀಲ. ಪಕ್ಕದಲ್ಲಿ ಕೂತ ಕೊಬ್ಬರಿ ವ್ಯಾಪಾರಿ ಅದನ್ನು ಒತ್ತಿ ನೋಡಿ, "ಉಂಡೆ ಕೊಬ್ಬರಿನಾ? ಚೆನ್ನಾಗಿ ಒಣಗೈತೆ" ಎಂದರು.

"ಕೊಬ್ಬರಿ ಅಲ್ಲ, ಕಲ್ಲು. ಇನ್ನೂರು ಕೋಟಿ ವರ್ಷಕ್ಕಿಂತ ಹಳೇದು" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ರೇಟು ಏರ್ಲಿ ಅಂತ ನಾವು ಅಟ್ಟದ ಮ್ಯಾಲೆ ಒಂದು ವರ್ಷ ಇಟ್ಕಂಡ್ರೇ ಮನೇಲಿ ಬೈತಾರೆ. ನೀವು ಭಾರೀ ತಾಳ್ಮೆಯೋರು ಕಣ್ರೀ!"

ಹಸೀದು ಬ್ಯಾಡ್ವಾ?

ಇನ್ನೊಮ್ಮೆ ಹುಳಿಯಾರಿನಾಚೆ ಬಂಡೆಗೆ ಮೂಗು ತಾಗಿಸಿಕೊಂಡು ಕೂತಿದ್ದೆ. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು, "ಏನ್ ಕಳ್ಕಂಡೆ ಮಗಾ?" ಎಂದು ಕೇಳಿದರು.

"ಏನೂ ಕಳಕೊಂಡಿಲ್ಲಜ್ಜಿ. ಹಿಂದಿನ ಕಾಲದ ಪಾಚಿ ಹುಡುಕ್ತಿದೀನಿ."

"ಪಾಚಿನಾ!" ಅಜ್ಜಿ ಕೋಲನ್ನು ಕೆರೆಯತ್ತ ತಿರುಗಿಸಿದರು. "ಅಲ್ಲಿ ಕಾಲಿಟ್ರೆ ಜಾರೋವಷ್ಟೈತೆ. ಹಸೀದು ಬುಟ್ಟು ಒಣಗಿದ್ದಕ್ಕೆ ಯಾಕ್ ಬಿಸ್ಲಲ್ಲಿ ಸಾಯ್ತೀಯಾ?"

ಬಿಳಿಗೆರೆಯ ಮೊಟ್ಟೆ

ಗುಜರಾತಿನಲ್ಲಿ ಡೈನೋಸಾರ್ ಮೊಟ್ಟೆ ಸಿಕ್ಕಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅದನ್ನು ಓದಿದ್ದ ಬಿಳಿಗೆರೆ ಕಡೆಯ ತೋಟದ ಯಜಮಾನರೊಬ್ಬರು ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದರು. "ಬಾವಿ ತೋಡುವಾಗ ಮೊಟ್ಟೆ ಸಿಕ್ಕೈತೆ ಸಾ. ಇಬ್ಬರು ತಬ್ಬಿದ್ರೂ ಕೈ ಸೇರಲ್ಲ!"

ಹೋಗಿ ನೋಡಿದೆ. ಅರ್ಧ ತೋಡಿದ ಗುಂಡಿಯಲ್ಲಿ ಒಂದು ಗುಂಡುಬಂಡೆ, ಅದರ ಮೇಲೆ ಬೆಚ್ಚಗೆ ಹೊದಿಸಿದ ಹುಲ್ಲು. ಸುತ್ತಿಗೆಯಿಂದ ತಟ್ಟಿದೆ, ಸಿಪ್ಪೆ ಎದ್ದಂತೆ ಒಂದು ಪದರ ಕಳಚಿ ಬಿತ್ತು.

"ಮೊಟ್ಟೆ ಅಲ್ಲ ಯಜಮಾನ್ರೇ. ಬಂಡೆ ಸವೆದು ಹೀಗೆ ಗುಂಡಗಾಗುತ್ತೆ, ಅಷ್ಟೇ."

ಯಜಮಾನರ ಮುಖ ಬಾಡಿಹೋಯಿತು. ಅವರ ತಾಯಿ ಮಾತ್ರ ಗುಂಡಿಯ ಅಂಚಿನಿಂದ ಕೈ ಮುಗಿದರು. "ಬದುಕಿಸ್ದೆ ಕಣಪ್ಪ! ನೀರಿಗೆ ಕಷ್ಟ ಅಂತ ಬಾವಿ ತೋಡಕ್ಕೆ ಹೊಂಟೋನು ಕೆಲ್ಸ ನಿಲ್ಸಿ ಇದನ್ನ ಕಾಯ್ತಾ ಕುಂತವ್ನೆ. ನೀನು ಬರೋದು ತಡವಾಗಿದ್ರೆ ಇವ್ನೇ ಕಾವಿಗೆ ಕುಂತ್ಕಂಡುಬುಡೋನು!"

ಒಗೆಯೋ ಕಲ್ಲು

ದೂರದ ವಿಶ್ವವಿದ್ಯಾಲಯದಿಂದ ದೊಡ್ಡ ಪ್ರೊಫೆಸರೊಬ್ಬರು ಬಂದಿದ್ದರು. ನನ್ನನ್ನೂ ಕರೆದುಕೊಂಡು ಚಿಕ್ಕನಾಯಕನಹಳ್ಳಿ ಸುತ್ತಮುತ್ತ ಎಷ್ಟು ಅಲೆದರೂ ಅವರಿಗೆ ಮನಸ್ಸಿಗೊಪ್ಪುವ ಮಾದರಿ ಸಿಗಲಿಲ್ಲ. ವಾಪಸು ಹೋಗುವ ದಿನ, ಕುಡಿಯಲು ನೀರು ಕೇಳೋಣವೆಂದು ಒಂದು ಮನೆಯ ಹಿತ್ತಲಿಗೆ ಹೋದೆವು. ಅಲ್ಲಿ ಮನೆಯಾಕೆ ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಕಲ್ಲಿನ ಮೇಲೆ, ಎಲೆಕೋಸನ್ನು ಅಡ್ಡ ಕೊಯ್ದಂತೆ, ಪದರ ಪದರವಾಗಿ ಪಾಚಿಯ ಗುರುತು!

ಪ್ರೊಫೆಸರು ನೀರು ಮರೆತರು. ಸೋಪಿನ ನೊರೆಯಲ್ಲೇ ಮಂಡಿಯೂರಿ ಕಲ್ಲನ್ನು ತಬ್ಬಿಕೊಂಡರು.

"ಅಯ್ಯೋ, ಇವ್ರಿಗೆ ತಲೆ ಸುತ್ತು ಬಂತೇನ್ರೀ?" ಎಂದು ಆಕೆ ಚೊಂಬು ಎತ್ತಿಕೊಂಡರು.

"ಇಲ್ಲಮ್ಮ, ಈ ಕಲ್ಲು ಅವರಿಗೆ ಬೇಕಂತೆ" ಎಂದೆ.

"ಕಲ್ಲು ಕೊಟ್ಟು ನಾನು ಬಟ್ಟೆನ ಎಲ್ಲಿ ಒಗೀಲಿ?"

ಹೊಸ ಕಲ್ಲು ಹಾಕಿಸಿಕೊಡುತ್ತೇವೆ ಎಂದೆವು. ಒಪ್ಪಲಿಲ್ಲ. ಕೊನೆಗೆ ಪ್ರೊಫೆಸರು ಕೈ ಮುಗಿದು, "ತಾಯೀ, ಇದು ಬರೀ ಕಲ್ಲಲ್ಲ. ಭೂಮಿ ಮೇಲೆ ಮೊದಮೊದಲು ಹುಟ್ಟಿದ ಜೀವ. ನಿಮಗೂ ನನಗೂ, ಎಲ್ಲರಿಗೂ ಇವರೇ ಪೂರ್ವಿಕರು!" ಎಂದರು.

ಆಕೆ ಚೊಂಬು ಕೆಳಗಿಟ್ಟರು. ಕಲ್ಲನ್ನು ನೋಡಿದರು, ಪ್ರೊಫೆಸರನ್ನು ನೋಡಿದರು. "ನಿಮ್ಗೂ ಪೂರ್ವಿಕರು, ನಮ್ಗೂ ಪೂರ್ವಿಕರು. ಅಂದ್ರೆ ನೀವು ನಮ್ಗೆ ದಾಯಾದಿ ಆದ್ರಿ. ಭಾಗ ಕೇಳಕ್ಕೆ ಬಂದಿದೀರಾ?"

ಆಕೆ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಕಲ್ಲಿನ ಮೂಲೆಗೆ ಒಂದೇ ಏಟು ಹಾಕಿ, ಅಂಗೈಯಗಲದ ಚೂರನ್ನು ಪ್ರೊಫೆಸರ ಕೈಗಿಟ್ಟರು.

"ಇಗಳ್ಳಿ, ನಿಮ್ಮ ಪಾಲು. ಇನ್ನು ಕೋರ್ಟು ಕಚೇರಿ ಅಂತ ಅಲೀಬ್ಯಾಡಿ!"