ಕಂಪ್ಯೂಟರು ಕೊಂದ ಬೀಗರು

"ಇನ್ನ ಮ್ಯಾಲ ಈ ಮೂಡಲಗ್ಯಾಗ ಯಾವ ಸುದ್ದಿ ಆದ್ರೂ ಮೊದಲ ಗೊತ್ತಾಗೂದು ನನಗ! ಉಳದ ಮಂದಿಗೆ ಆಮ್ಯಾಲ!"

ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಗುರುಪಾದ ಹೀಗೊಂದು ಘೋಷಣೆ ಹೊರಡಿಸಿದ್ದು ಬಿಲ್ ಮಾಡುವ ಕಂಪ್ಯೂಟರಿಗೆ ಫೀಡ್ ರೀಡರ್ ಹಾಕಿಸಿದ ದಿನ. ಹತ್ತಾರು ಪತ್ರಿಕೆಗಳ, ಸುದ್ದಿತಾಣಗಳ ತಲೆಬರಹಗಳನ್ನೆಲ್ಲ ತಾನೇ ಹೆಕ್ಕಿ ತಂದು ಪರದೆಯ ಮೇಲೆ ಒಂದರ ಕೆಳಗೊಂದು ಸುರಿಯುವ ತಂತ್ರಾಂಶ ಅದು. ಹೊಸ ಸುದ್ದಿ ಬಂದಾಗಲೆಲ್ಲ 'ಟಿಣ್' ಎನ್ನುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಎಲೆ ಅಲುಗಿದರೂ ವರದಿ ಒಪ್ಪಿಸಬೇಕೆಂದು ಗುರುಪಾದ ಅದಕ್ಕೆ ಅಪ್ಪಣೆ ಕೊಟ್ಟಿದ್ದ.

"ಎಮ್ಮಿ ಫೀಡ್ ಮುಗದೈತಿ, ತರ್ರಿ ಅಂತ ಬಡಕೋಳಾಕತ್ತೇನಿ. ನೀವು ಕಂಪ್ಯೂಟರಿಗೆ ಫೀಡ್ ಹಾಕ್ಕೋತ ಕುಂತೀರಿ?" ಎಂದಳು ಅಂಗಡಿಯ ಹಿಂದಿನ ಮನೆಯಿಂದ ಬಂದ ಹೆಂಡತಿ ಶೋಭಾ.

"ಇದು ಜ್ಞಾನದ ಫೀಡು!"

"ಎಮ್ಮಿ ಹಾಲ ಕೊಡತೈತಿ. ಇದೇನ ಕೊಡತೈತಿ?"

"ಸುದ್ದಿ!"

"ಹಂಗಾರ ನಾಳಿಂದ ಚಾಕ್ಕ ಸುದ್ದಿ ಹಾಕ್ಕೊಂಡ ಕುಡೀರಿ."

ಗುರುಪಾದ ಇಂಥ ಮಾತಿಗೆ ಜಗ್ಗುವ ಆಸಾಮಿಯಲ್ಲ. ಪರದೆಯ ಮುಕ್ಕಾಲು ಭಾಗ ಬಿಲ್ಲಿಗೆ ಬೇಕಲ್ಲ? ಹಾಗಾಗಿ ಬಲಗಡೆ ಅಂಗೈ ಅಗಲದ ಒಂದು ಪಟ್ಟಿಯಲ್ಲಿ ಸುದ್ದಿಗಳನ್ನು ಕೂರಿಸಿದ. ಯಾವ ಸುದ್ದಿಯನ್ನೂ ಒತ್ತಿ, ತೆರೆದು ಓದುವ ಗೋಜಿಗೆ ಹೋಗಲಿಲ್ಲ. ಒಂದು ಸುದ್ದಿ ಪೂರ್ತಿ ಓದುವಷ್ಟರಲ್ಲಿ ಇಪ್ಪತ್ತು ತಲೆಬರಹ ಓದಬಹುದು ಎಂಬುದು ಅವನ ಮಹಾಸಿದ್ಧಾಂತ! ಬೇರಿಂಗ್ ಕೇಳಲು ಬಂದವರಿಗೆ ಮೊದಲು ಹುಕ್ಕೇರಿಯ ವಿದ್ಯಮಾನ, ಆಮೇಲೆ ಗೋಕಾಕದ ವಿದ್ಯಮಾನ, ಕಟ್ಟಕಡೆಗೆ ಬೇರಿಂಗ್. ಕೆಲವರು ಬೇರಿಂಗ್ ಮರೆತು ಸುದ್ದಿಯೊಂದಿಗೇ ಮನೆಗೆ ಹೋದದ್ದೂ ಉಂಟು.

ಹೀಗಿರುವಾಗ ಒಂದು ಬೆಳಿಗ್ಗೆ 'ಟಿಣ್' ಎಂದಿತು. ಗುರುಪಾದ ಕತ್ತು ತಿರುಗಿಸಿ ನೋಡಿದ. ಕೈಯಲ್ಲಿದ್ದ ಚಹಾದ ಬಟ್ಟಲು ಕೀಲಿಮಣೆಯ ಮೇಲೆ ಬೋರಲಾಯಿತು.

'ಬೆಲ್ಲದ ಬಾಗೇವಾಡಿಯ ಅಣ್ಣಪ್ಪ ಕಮತೆ ಇನ್ನಿಲ್ಲ...'

ಅಣ್ಣಪ್ಪ ಕಮತೆ ಅಂದರೆ ಯಾರು? ಗುರುಪಾದನ ಬೀಗರಾಗಲಿರುವವರು! ಮಗಳು ಸುಜಾತಾಳನ್ನು ಅವರ ಮಗ ಅಭಿಷೇಕನಿಗೆ ಕೊಡುವುದೆಂದು ಮಾತಾಗಿತ್ತು. ಮುಂದಿನ ವಾರವೇ ನಿಶ್ಚಿತಾರ್ಥ. ಸೀರೆ ಬಂದಿದೆ, ಅಡುಗೆಯವರಿಗೆ ಹೇಳಿಯಾಗಿದೆ. ಈಗ ಬೀಗರೇ ಇಲ್ಲ!

"ಏ ಶೋಭಾ! ಬೀಗರು ಹ್ವಾದ್ರ!"

"ಎಲ್ಲಿಗೆ?"

"ಮ್ಯಾಲ!"

ಶೋಭಾ ಓಡಿ ಬಂದು ತಲೆಬರಹ ನೋಡಿದಳು. ಒಳಗಿನಿಂದ ಬಂದ ಸುಜಾತಾ ಬಾಗಿಲಲ್ಲೇ ಕುಳಿತು ಅಳತೊಡಗಿದಳು.

"ಮೊದಲ ಅವರಿಗೊಂದು ಫೋನ್ ಮಾಡಿ ಕೇಳ್ರೀ," ಎಂದಳು ಶೋಭಾ.

"ಏನಂತ ಕೇಳಲಿ? ನಿಮ್ಮ ಅಪ್ಪಾರು ಖರೇನ ಸತ್ತಾರೇನ್ರಿ ಅಂತ ಕೇಳಾಕ ಬರತೈತೇನು?"

ಆದರೂ ಅಭಿಷೇಕನ ನಂಬರು ಒತ್ತಿದ. ಫೋನು ಎತ್ತಿದ್ದು ಬೇರೆ ಯಾರೋ. ಹಿಂದೆ ಹಲಗೆಯ ಸದ್ದು ಕಿವಿ ಹರಿಯುವಂತಿತ್ತು.

"ನಾ ಮಾಳು ರೀ, ಬಾಜೂ ಮನ್ಯಾಂವ! ಅಭಿಷೇಕ ಮಂದ್ಯಾಗ ಅದಾನ್ರಿ, ಬರಾಕ ಆಗಂಗಿಲ್ಲ!"

"ಅಣ್ಣಪ್ಪನವರು..." ಎಂದ ಗುರುಪಾದ.

"ಹೂಂರಿ! ಕಾಕಾನ್ನ ಹೂವಿನಾಗ ಮುಚ್ಚಿ ಟ್ರ್ಯಾಕ್ಟರ್ ಮ್ಯಾಲ ಕುಂಡ್ರಿಸೇವ್ರಿ! ಊರಿಗೆ ಊರ ಕೂಡೈತಿ. ಮೆರವಣಿಗಿ ಮುಗಿಯೂದರಾಗ ಬರ್ರಿ!"

ಇನ್ನೇನು ಬೇಕು! ಲಿಂಗಾಯತರಲ್ಲಿ ತೀರಿದವರನ್ನು ಮಲಗಿಸುವುದಿಲ್ಲ. ಹೂವಿನಿಂದ ಸಿಂಗರಿಸಿ, ಕೂರಿಸಿ, ಬಾಜಾಬಜಂತ್ರಿಯೊಂದಿಗೆ ಕರೆದೊಯ್ಯುತ್ತಾರೆ. ಎಲ್ಲವೂ ಕರಾರುವಾಕ್ಕಾಗಿ ಹೊಂದಿತು. ಗುರುಪಾದ ಕಣ್ಣೊರೆಸಿಕೊಂಡ. ದುಃಖದಲ್ಲೂ ಒಂದು ಸಮಾಧಾನವೆಂದರೆ, ಬಳಗದಲ್ಲಿ ಈ ಸುದ್ದಿ ಮೊದಲು ತಿಳಿದದ್ದು ತನಗೇ! ಕೂಡಲೇ ಬಳಗದ ವಾಟ್ಸ್ಯಾಪ್ ಗುಂಪಿಗೆ ಬರೆದ: 'ನಮ್ಮ ಪೂಜ್ಯ ಬೀಗರೂ ಕೃಷಿರತ್ನರೂ ಆದ ಅಣ್ಣಪ್ಪ ಕಮತೆ ಅವರು ಲಿಂಗೈಕ್ಯರಾಗಿದ್ದಾರೆಂದು ತಿಳಿಸಲು ಅತೀವ ವಿಷಾದವಾಗುತ್ತದೆ. ಎಲ್ಲರೂ ಬೆಲ್ಲದ ಬಾಗೇವಾಡಿಗೆ ಹೊರಡತಕ್ಕದ್ದು.'

ಕಳಿಸಿದ ಮರುಕ್ಷಣ ಫೋನು ರಿಂಗಣಿಸಿತು.

"ಹಲೋ, ಯಾರು?"

"ಸತ್ತೆಪ್ಪಾ!"

ಗುರುಪಾದನ ಮೈಯ ಕೂದಲೆಲ್ಲ ನಿಂತವು. ಹೋದ ಜೀವ ಫೋನು ಮಾಡುತ್ತದೆಯೇ! "ಯಾ... ಯಾವಾಗ ಸತ್ರಿ?"

"ಏ ಮಾವಾ! ನಾ ಕೊಣ್ಣೂರ ಸತ್ತೆಪ್ಪ! ನಿನ್ನ ಹೆಂಡ್ತಿ ತಮ್ಮ! ಟೆಂಪೋ ಮಾಡೇನಿ, ದಾರ್ಯಾಗ ಕೂಡ್ರಿ!"

ಅಂತೂ ದಂಡು ಹೊರಟಿತು. ನಾಗನೂರಿನಿಂದ ಗುರುಪಾದನ ಅಕ್ಕ ಲಗಮವ್ವ ಹೆಂಗಸರ ಪಡೆಯೊಂದಿಗೆ ಬಂದು ಜೀಪಿನಲ್ಲಿ ತುರುಕಿಕೊಂಡಳು. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಲಗಮವ್ವನನ್ನು ಮೀರಿಸುವವರು ಆ ಸೀಮೆಯಲ್ಲಿಲ್ಲ. ಗೋಕಾಕದಲ್ಲಿ ಜೀಪು ಹೂವಿನಂಗಡಿಯ ಮುಂದೆ ನಿಂತಿತು.

"ಮಾಲಿ ಲಗ್ನಕ್ಕೋ ಮಣ್ಣಿಗೋ?" ಕೇಳಿದಳು ಹೂವಿನ ನಜೀರಾ.

"ಮಣ್ಣಿಗವ್ವಾ, ಮಣ್ಣಿಗೆ. ದೊಡ್ಡ ಮನಷ್ಯಾರು. ದೊಡ್ಡದ ಕಟ್ಟು."

ಆಳುದ್ದದ ಸೇವಂತಿಗೆ ಹಾರ ಬಂದಿತು. ಕೊಣ್ಣೂರಿನಲ್ಲಿ ಸತ್ತೆಪ್ಪನ ಟೆಂಪೋ ಕೂಡಿಕೊಂಡಿತು. ಹುಕ್ಕೇರಿಯ ರಸ್ತೆಯುದ್ದಕ್ಕೂ ಸುಜಾತಾ ಕಿಟಕಿಯ ಆಚೆ ನೋಡುತ್ತ ಒಂದೇ ಒಂದು ಮಾತಾಡಿದಳು: "ಹ್ವಾದ ಸಲ ಬಂದಾಗ ನನಗ 'ಮಗಳ' ಅಂತ ಕರದಿದ್ರಪ್ಪಾ." ಗುರುಪಾದನಿಗೆ ನಿಜಕ್ಕೂ ಅಳು ಉಕ್ಕಿ ಬಂತು.

ಬೆಲ್ಲದ ಬಾಗೇವಾಡಿಯ ಊರಬಾಗಿಲ ಅಗಸಿಯಲ್ಲಿಯೇ ಮೆರವಣಿಗೆ ಎದುರಾಯಿತು. ಹಲಗೆ, ಎರಚಿದ ಭಂಡಾರದ ಅರಿಶಿನ ಧೂಳು, ಜನಜಾತ್ರೆ. ನಡುವೆ ಟ್ರ್ಯಾಕ್ಟರ್. ಅದರ ಟ್ರೇಲರಿನ ಮೇಲೆ ಕುರ್ಚಿಯಲ್ಲಿ, ಕೊರಳುಮಟ ಹೂವಿನ ಹಾರದೊಳಗೆ, ರುಮಾಲು ಸುತ್ತಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದಾರೆ ಅಣ್ಣಪ್ಪ ಕಮತೆ!

"ಅಯ್ಯ ನನ್ನಪ್ಪಾ! ಬಂಗಾರದಂಥ ಮನಿ ಬಿಟ್ಟು ಹೆಂಗ ಹ್ವಾದಿಯೋ!" ಲಗಮವ್ವನ ದನಿ ಹಲಗೆಯನ್ನೂ ಮುಚ್ಚಿಹಾಕಿತು. ಹಿಂದಿನಿಂದ ಹೆಂಗಸರೆಲ್ಲ ಸೊಲ್ಲು ಹಿಡಿದರು. ಹಲಗೆಯವರು ಬೆಪ್ಪಾಗಿ ಬಾರಿಸುವುದನ್ನು ನಿಲ್ಲಿಸಿದರು. ಗುರುಪಾದ ಹಾರ ಹಿಡಿದು ಟ್ರೇಲರ್ ಹತ್ತಿದ. ಬೀಗರ ಮುಂದೆ ಮೊಣಕಾಲೂರಿ ಗೋಳಿಟ್ಟ:

"ಬೀಗರ! ಮಕ್ಕಳ ಲಗ್ನಾ ನೋಡದ ಹೋಗಿಬಿಟ್ರಲ್ರೀ!"

ಹೆಣ ಕಣ್ಣು ತೆರೆಯಿತು.

"ಎಲ್ಲಿಗ್ರಿ?" ಎಂದಿತು.

ಗುರುಪಾದ ಕಿಟಾರನೆ ಕಿರುಚಿ, ಹಾರದ ಸಮೇತ ಹಿಂದಕ್ಕೆ ಉರುಳಿ, ಕೆಳಗಿದ್ದ ಸತ್ತೆಪ್ಪನ ಹೆಗಲ ಮೇಲೆ ಬಿದ್ದ. ಸತ್ತೆಪ್ಪ "ಸತ್ತೆನೆಪ್ಪಾ!" ಎಂದ. ಲಗಮವ್ವನ ಹಾಡು ನಡುಸಾಲಿಗೇ ನಿಂತಿತು. ಸುಜಾತಾ ಮಾತ್ರ ಅಳುತ್ತಲೇ ನಕ್ಕುಬಿಟ್ಟಳು.

"ಭಂಡಾರ ಕಣ್ಣಾಗ ಬೀಳತೈತಂತ ಮುಚ್ಚಿದ್ದೆ," ಎಂದರು ಅಣ್ಣಪ್ಪ ಗಾಬರಿಯಿಂದ. "ಯಾಕ್ರಿ ಎಲ್ಲಾರೂ ಅಳಾಕತ್ತೀರಿ?"

ಆಗ ಗುರುಪಾದನ ಕಣ್ಣಿಗೆ ಬಿತ್ತು: ಅವರ ಪಕ್ಕದ ಇನ್ನೊಂದು ಕುರ್ಚಿಯ ಮೇಲೆ, ವಿಭೂತಿ ಹಚ್ಚಿಸಿಕೊಂಡು ವಿರಾಜಮಾನವಾಗಿದ್ದ ಎಮ್ಮೆಗರುವಿನ ಗಾತ್ರದ ಕುಂಬಳಕಾಯಿ!

ಗುರುಪಾದ ತೊದಲುತ್ತ ತಲೆಬರಹದ ಮಾತೆತ್ತಿದಾಗ ಅಭಿಷೇಕ ಫೋನು ತೆಗೆದು ಅದೇ ಸುದ್ದಿ ತೋರಿಸಿದ. ಒತ್ತಿ ತೆರೆದಾಗ ತಲೆಬರಹ ಪೂರ್ತಿ ಕಾಣುತ್ತಿತ್ತು: 'ಬೆಲ್ಲದ ಬಾಗೇವಾಡಿಯ ಅಣ್ಣಪ್ಪ ಕಮತೆ ಇನ್ನಿಲ್ಲದಂತೆ ಬೆಳೆದ ಕುಂಬಳಕಾಯಿಗೆ ಮೊದಲ ಬಹುಮಾನ.'

ಗುರುಪಾದನ ಅಂಗೈ ಅಗಲದ ಪಟ್ಟಿ 'ದಂತೆ'ಯಿಂದ ಮುಂದಿನದನ್ನೆಲ್ಲ ನುಂಗಿತ್ತು. ಕುಂಬಳಕಾಯಿ ಹೋಗಿ ಬೀಗರೇ ಹೋಗಿದ್ದರು!

ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಕೋಲೂರಿಕೊಂಡು ಬಂದವಳು ಅಣ್ಣಪ್ಪನವರ ತಾಯಿ ಕಾಶೆವ್ವ. ಮುಖ ಕೆಂಪಾಗಿತ್ತು.

"ನನ್ನ ಮಗಾ ಸತ್ತಾನಂತ ಯಾಂವ ಹೇಳಿದಾಂವ?"

ಇಡೀ ಊರು ಗುರುಪಾದನ ಕಡೆಗೆ ತಿರುಗಿತು. ಸಂಬಂಧ ಮುರಿಯಿತು ಎಂದೇ ಶೋಭಾ ತಿಳಿದಳು.

"ಕಂ... ಕಂಪ್ಯೂಟರ್ ಹೇಳಿತ್ರಿ ಯವ್ವಾ."

"ಅಂವಾ ಯಾರ ಪೈಕಿ? ಯಾವೂರಾಂವ? ಕರಕೊಂಡ ಬಾ ಅವನ್ನ!"

ಯಾರೋ ಕಿಸಕ್ಕೆಂದರು. ಕಾಶೆವ್ವ ಮಾತ್ರ ನಗಲಿಲ್ಲ. ಅಣ್ಣಪ್ಪ ಟ್ರೇಲರಿನಿಂದ ನಿಧಾನಕ್ಕೆ ಇಳಿದರು. ಅತ್ತು ಕಣ್ಣು ಊದಿಸಿಕೊಂಡ ಸುಜಾತಾಳನ್ನು, ಮೂಗು ಒರೆಸಿಕೊಳ್ಳುತ್ತಿದ್ದ ಹೆಂಗಸರನ್ನು, ಸೊಂಟ ಹಿಡಿದುಕೊಂಡ ಸತ್ತೆಪ್ಪನನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಕಣ್ಣೂ ತುಸು ಒದ್ದೆಯಾಗಿತ್ತು.

"ಯವ್ವಾ, ಸಿಟ್ಟಾಗಬ್ಯಾಡ. ತನ್ನ ಸಲುವಾಗಿ ಯಾರ್ಯಾರು ಅಳತಾರಂತ ಬದುಕಿದ್ದಾಗ ನೋಡೂ ಭಾಗ್ಯ ಯಾರಿಗೈತಿ? ಇನ್ನೂ ಲಗ್ನ ಆಗಿಲ್ಲ, ಈ ಹುಡುಗಿ ನನಗಂತ ಹೆಂಗ ಅತ್ತಾಳ ನೋಡು." ಆಮೇಲೆ ಗುರುಪಾದನ ಮುಂದೆ ಬಂದು ಕೊರಳು ಬಾಗಿಸಿದರು. "ಹಾಕ್ರಿ ಬೀಗರ, ಅಷ್ಟ ದೂರಿಂದ ತಂದೀರಿ."

ಗುರುಪಾದ ಮಣ್ಣಿನ ಹಾರವನ್ನು ಸನ್ಮಾನದ ಹಾರವಾಗಿ ಹಾಕಿದ. ಹಲಗೆ ಮತ್ತೆ ಶುರುವಾಯಿತು. ಕಾಶೆವ್ವ ಸುಜಾತಾಳ ಕೈ ಹಿಡಿದುಕೊಂಡು, "ಬಳಗಾನೂ ಬಂದೈತಿ, ಊರೂಟದ ಅಡಗೀನೂ ಆಗೇತಿ. ನಿಶ್ಚಯ ಮುಂದಿನ ವಾರಕ್ಕ ಯಾಕ, ಇವತ್ತ ಮಾಡಿಬಿಡ್ರಿ!" ಎಂದು ತೀರ್ಪು ಕೊಟ್ಟಳು. ಅಳಲು ಬಂದ ಲಗಮವ್ವ ಅದೇ ದನಿಯಲ್ಲಿ ಸೋಬಾನೆ ಹಾಡಿದಳು.

ಸಂಜೆ ಜೀಪು ಹತ್ತುವಾಗ ಅಣ್ಣಪ್ಪ ಗುರುಪಾದನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಬಹಳ ಗಂಭೀರವಾಗಿ ಹೇಳಿದರು:

"ಬೀಗರ, ನಿಮ್ಮಲ್ಲಿ ಒಂದ ಬಿನ್ನಹ ಐತ್ರಿ. ಮುಂದ ನಾ ಖರೇನ ಹೋದಾಗ ಮಾತ್ರ ಸುದ್ದಿ ನೀವು ಹೇಳಾಕ ಹೋಗಬ್ಯಾಡ್ರಿ. ಒಬ್ಬರೂ ಮಣ್ಣಿಗೆ ಬರಂಗಿಲ್ಲ!"