ಇನ್ನೂರ ನಲವತ್ತು ಓಮ್ ಮತ್ತು ಜಟ್ಟೆಪ್ಪನ ಹಣೆ

ಕತೆ ಹೇಳುವುದರಲ್ಲಿ ನನ್ನನ್ನು ಮೀರಿಸುವ ಗಂಡು ಹಲಸೂರಿನಿಂದ ಕೆ.ಆರ್. ಪುರದವರೆಗೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾನೆ. ನನ್ನ ಮಾತಿನಲ್ಲಿ ಸುಳ್ಳು ಒಂದು ಪರ್ಸೆಂಟಿಗಿಂತ ಹೆಚ್ಚಿರುವುದಿಲ್ಲ. ಆ ಒಂದು ಪರ್ಸೆಂಟು ಎಲ್ಲಿದೆ ಎಂದು ಕಂಡುಹಿಡಿಯಿರಿ ನೋಡೋಣ, ತಾಕತ್ತಿದ್ದರೆ!

ಹಬ್ಬದ ರಜೆಗೆ ಮುಂಚಿನ ದಿನ, ಆಫೀಸಿನ ಆಯುಧಪೂಜೆ. ಮಹದೇವಪುರದ ಒಂದು ಚಿಪ್ ಕಂಪನಿಯ ಲ್ಯಾಬಿನಲ್ಲಿ ಜಟ್ಟೆಪ್ಪ ಎರಡೂ ಕೈ ಅಗಲಿಸಿ ಒಂದು ಹಸಿರು ಬೋರ್ಡಿಗೆ ಅಡ್ಡ ನಿಂತಿದ್ದ. ಎದುರಿಗೆ ಲ್ಯಾಬ್ ಗುಡಿಸುವ ಬಾಲಮ್ಮ, ಕೈಯಲ್ಲಿ ನೀರು ಹಾಕಿ ಕಲಸಿದ ಕುಂಕುಮದ ಬಟ್ಟಲು.

"ಕುರ್ಚಿಗೆ ಹಚ್ಚು, ಕಂಪ್ಯೂಟರಿಗೆ ಹಚ್ಚು, ಬೇಕಾದ್ರ ಕಕ್ಕಸದ ಬಾಗಲಿಗೂ ಹಚ್ಚು ಬಾಲಮ್ಮಾ! ಈ ಬೋರ್ಡಿನ ಹತ್ರ ಬಂದೀ ಅಂದ್ರ ನಾ ಮನಷ್ಯಾನ ಅಲ್ಲ!"

"ಎಲ್ಲಾ ಮಿಷಿನ್ನಿಗೂ ಇಟ್ಟು ಇದೊಂದಕ್ಕೆ ಬಿಟ್ರೆ ಆ ತಾಯಿ ಸುಮ್ನಿರ್ತಾಳೇನಪ್ಪಾ?"

"ತಾಯಿಗಿ ನಾ ಉತ್ತರಾ ಕೊಡ್ತೀನಿ. ನೀ ಹಿಂದ ಸರಿ!"

"ಮಿಷಿನ್ನಿಗೆ ಬೇಡ ಅಂದ್ರೆ ಮಿಷಿನ್ ಆಡ್ಸೋನ್ಗಾದ್ರೂ ಇರ್ಲಿ" ಎಂದವಳೇ ಬಾಲಮ್ಮ ಅವನ ಹಣೆಗೆ ಎಂಟಾಣೆ ಅಗಲದ ಬೊಟ್ಟನ್ನು ಒತ್ತಿಬಿಟ್ಟಳು.

ಜಟ್ಟೆಪ್ಪನ ಸಿಟ್ಟಿಗೆ ಕಾರಣವಿತ್ತು. ಮೂರು ವರ್ಷದಿಂದ ಅವನದು ಕಾಂಟ್ರಾಕ್ಟ್ ಕೆಲಸ. ಸಂಜೆ ಐದಕ್ಕೆ ಕಸ್ಟಮರ್ ಬರುತ್ತಾರೆ, ಚಿಪ್ಪು ಸರಿಯಾಗಿ ಓಡಿದರೆ ಪರ್ಮನೆಂಟ್ ಮಾಡುತ್ತೇನೆಂದು ಮ್ಯಾನೇಜರ್ ರೇವತಿ ಮೇಡಂ ಮಾತು ಕೊಟ್ಟಿದ್ದರು. ಪರ್ಮನೆಂಟ್ ಆದ ದಿನವೇ ಸುರಪುರದಿಂದ ಹೆಂಡತಿ ಲಕ್ಷ್ಮಿದೇವಿಯನ್ನು ಕರೆತರುವುದು, ಹೊಸ ತಿಪ್ಪಸಂದ್ರದ ರೂಮಿನಿಂದ ರೂಮ್‌ಮೇಟ್ ರಾಮುವನ್ನು ಓಡಿಸುವುದು ಎಂದು ತೀರ್ಮಾನವಾಗಿತ್ತು.

ಕೆಲಸವೇನೋ ಎಳ್ಳಿನಷ್ಟು. ತಂತಿಯಲ್ಲಿ ಓಡಿಬರುವ ಸಿಗ್ನಲ್ಲಿಗೆ ಚಿಪ್ಪಿನ ಬಾಗಿಲಲ್ಲಿ ಸರಿಯಾದ ರೆಸಿಸ್ಟೆನ್ಸ್, ಅಂದರೆ ಓಮಿನಲ್ಲಿ ಅಳೆಯುವ ತಡೆ, ಸಿಗಬೇಕು. ಸಿಗದಿದ್ದರೆ ಅದು ಕಾಂಪೌಂಡಿಗೆ ಬಡಿದ ಚೆಂಡಿನಂತೆ ವಾಪಸು ಪುಟಿದು, ಹಿಂದೆ ಬರುವ ಸಿಗ್ನಲ್ಲಿನ ಮೂತಿಗೆ ಗುದ್ದುತ್ತದೆ. ಆ ರೆಸಿಸ್ಟರು ಚಿಪ್ಪಿನೊಳಗೇ ಇದೆ. ಅದನ್ನು ಹೊಂದಿಸಲು ಬೋರ್ಡಿನ ಮೇಲೆ ಇನ್ನೂರ ನಲವತ್ತು ಓಮಿನ ಇನ್ನೊಂದು ರೆಸಿಸ್ಟರು, ಅಂಗಡಿಯವನ ತೂಕದ ಕಲ್ಲಿದ್ದಂತೆ. ಒಳಗಿನ ಪುಟ್ಟ ಸ್ವಿಚ್ಚುಗಳನ್ನು ಒಂದೊಂದೇ ಹಾಕಿ ತೆಗೆದು ತಕ್ಕಡಿ ಸಮ ಮಾಡಬೇಕು. ಎಷ್ಟು ಸ್ವಿಚ್ಚಿಗೆ ಸಮವಾಯಿತೋ ಆ ನಂಬರನ್ನು ಚಿಪ್ಪಿನ ಫ್ಯೂಸ್ ಸುಟ್ಟು ಬರೆಯಬೇಕು. ಬರೆದ ಮೇಲೆ ಹಚ್ಚೆ ಇದ್ದಹಾಗೆ, ಅಳಿಸಲಾಗದು. ಉಳಿದಿದ್ದ ಒಳ್ಳೆಯ ಚಿಪ್ಪು ಒಂದೇ ಒಂದು.

"ಮೂವತ್ತೊಂದು!" ಕಂಪ್ಯೂಟರಿನ ಮುಂದಿದ್ದ ನೌರೀನ್ ಕೂಗಿದಳು. ಚಿಪ್ಪಿನ ಆ ಭಾಗವನ್ನು ಡಿಸೈನ್ ಮಾಡಿದವಳೇ ಅವಳು, ಫ್ರೇಜರ್ ಟೌನಿನ ಹುಡುಗಿ. "ಫಸ್ಟ್ ಕ್ಲಾಸ್ ಜಟ್ಟೆಪ್ಪ ಅವ್ರೇ. ಗಂಟೆಗೊಂದ್ಸಲ, ಸಾಲಾಗಿ ಮೂರು ಸಲ ಇದೇ ನಂಬರ್ ಬಂದ್ರೆ ಸುಡೋದು. ಮೇಡಂ ರೂಲು."

ಅಷ್ಟರಲ್ಲಿ ಎಸಿ ನಿಂತಿತು. ರಿಮೋಟ್ ಹುಡುಕಿದರು. ಟೇಬಲ್ಲಿನ ಮೇಲಿಲ್ಲ, ಕೆಳಗಿಲ್ಲ, ಬೂದುಗುಂಬಳಕಾಯಿಯ ಪಕ್ಕದಲ್ಲೂ ಇಲ್ಲ. ಯಂತ್ರಗಳೆಲ್ಲ ಉಸಿರು ಬಿಡುತ್ತಾ ಲ್ಯಾಬು ಹತ್ತೇ ನಿಮಿಷಕ್ಕೆ ಇಡ್ಲಿ ಪಾತ್ರೆಯಾಯಿತು.

"ಯಾಂವಲೇ ಅಂವಾ ರಿಮೋಟ್ ಮುಟ್ಟಿದಾಂವ?" ಜಟ್ಟೆಪ್ಪ ಕೇಬಲ್ಲಿನ ತಿರುಪು ಬಿಗಿ ಮಾಡಲು ಬೋರ್ಡಿನ ಮೇಲೆ ಬಗ್ಗಿ ಅಲ್ಲಿಂದಲೇ ಗುಡುಗಿದ.

ಅದೇ ಆಫೀಸಿನ ಸ್ಟೋರಿನಲ್ಲಿದ್ದ ರಾಮು ಕಡ್ಲೆಪುರಿ ಪೊಟ್ಟಣ ಎದೆಗೊತ್ತಿಕೊಂಡು ಬಂದ. "ಕೂಲ್ ಮಗಾ. ಹೀರೋ ಬೆವರು ಸುರಿಸಿದ್ರೇನೇ ಕ್ಲೈಮ್ಯಾಕ್ಸ್‌ಗೆ ಬೆಲೆ. ಪುರಿ ತಗೋ."

"ನಿನ್ನ ಪುರಿ ಒಲ್ಯಾಗ ಹಾಕ! ಹೊರಗ ನಡಿ!"

"ಮೂವತ್ಮೂರು" ಎಂದಳು ನೌರೀನ್, ಸಣ್ಣ ದನಿಯಲ್ಲಿ.

"ಏನು?"

"ನಂಬರ್ ಏರಿದೆ."

ಜಟ್ಟೆಪ್ಪ ಪವರ್ ಸಪ್ಲೈಯನ್ನು ಬೈದ, ಮೀಟರನ್ನು ಬೈದ. ಬಾಗಿಲಲ್ಲಿದ್ದ ಸೆಕ್ಯೂರಿಟಿ ಹುಸೇನಪ್ಪ "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್, ನಮ್ಮನೆ ಟೀವಿ ಹಂಗೇ ಸರಿಹೋಗೋದು" ಎಂದ. ಅವನಿಗೂ ಬೈಗುಳ ಬಿತ್ತು. ಬಾಲಮ್ಮ ಮೂಲೆಯಲ್ಲಿ ಪೊರಕೆ ಊರಿ ನಿಂತು, "ನಾನು ಆಗ್ಲೇ ಹೇಳ್ದೆ. ಬೊಟ್ಟಿಡ್ಸಿದ್ರೆ ಹಿಂಗಾಗ್ತಿತ್ತಾ?" ಎಂದಳು. ಜಟ್ಟೆಪ್ಪ ಬೋರ್ಡಿನ ಮೇಲೆ ಬಗ್ಗಿದವನು ಬಗ್ಗಿದಂತೆಯೇ ಅವಳ ಊರು, ಕೇರಿ, ಪೊರಕೆ ಯಾವುದನ್ನೂ ಬಿಡದೆ ಜಾಲಾಡಿದ.

"ಮೂವತ್ತಾರು" ಎಂದಳು ನೌರೀನ್. ಆಮೇಲೆ ಕುರ್ಚಿ ತಿರುಗಿಸಿ, "ಬೇಜಾರ್ ಮಾಡ್ಕೋಬೇಡಿ, ಒಂದ್ ವಿಷ್ಯ ನೋಟ್ ಮಾಡ್ತಿದ್ದೀನಿ. ನೀವು ಬೈದಾಗೆಲ್ಲ ನಂಬರ್ ಏರ್ತಿದೆ."

"ಅಂದ್ರ? ನಾ ಬಯ್ಯೂದು ಚಿಪ್ಪಿಗಿ ಕೇಳಸ್ತದನು?"

"ಡೇಟಾ ಹಂಗೇ ಹೇಳ್ತಿದೆ."

"ನಿನ್ನ ಡೇಟಾಕ್ಕ ಬೆಂಕಿ ಹಚ್ಚ!"

"ಮೂವತ್ತೆಂಟು."

ಮಧ್ಯಾಹ್ನದ ಹೊತ್ತಿಗೆ ಜಟ್ಟೆಪ್ಪನ ಗಂಟಲು ಕಟ್ಟಿತು. ಬೈಯಲು ದನಿ ಇಲ್ಲದೆ, ಸೀದು ಹೋದ ಒಗ್ಗರಣೆಯಂತೆ ಕುರ್ಚಿಯಲ್ಲಿ ಕೂತ. ಎರಡಕ್ಕೆ ಮೂವತ್ತೆಂಟು. ಮೂರಕ್ಕೆ ಮೂವತ್ತೆಂಟು. ನಾಲ್ಕಕ್ಕೂ ಮೂವತ್ತೆಂಟು.

"ಸುಡು" ಎಂದು ಪಿಸುಗುಟ್ಟಿದ.

"ಬೆಳಿಗ್ಗೆ ಮೂವತ್ತೊಂದಿತ್ತಲ್ರೀ! ಯಾಕೆ ಏರ್ತು ಅಂತ ಗೊತ್ತಾಗ್ಲಿ ಮೊದ್ಲು. ಸಿಟ್ಟಲ್ಲಿ ಫ್ಯೂಸ್ ಸುಡಬಾರ್ದು."

"ಮೂರು ಸಲ ಒಂದ ನಂಬರ್ ಬಂದದ. ಮೇಡಂ ರೂಲು, ನನ್ನದಲ್ಲ." ಅವಳ ಕೈಯನ್ನು ಪಕ್ಕಕ್ಕೆ ಸರಿಸಿ ತಾನೇ ಬಟನ್ ಒತ್ತಿದ. ಮೂವತ್ತೆಂಟು, ಜನ್ಮಕ್ಕೆ ಅಂಟಿತು.

ಕಸ್ಟಮರ್ ಮುಂದೆ ಮುಖ ಚೆನ್ನಾಗಿರಲೆಂದು ತೊಳೆಯಲು ಹೋದ. ಕನ್ನಡಿ ನೋಡಿದ. ಎಂಟಾಣೆ ಬೊಟ್ಟು ಇದ್ದ ಜಾಗದಲ್ಲಿ ನಾಲ್ಕಾಣೆಯಷ್ಟೂ ಇರಲಿಲ್ಲ. ಅಲ್ಲಿಂದ ಮೂಗಿನ ತುದಿಯವರೆಗೆ ಕೆಂಪು ಕಾಲುವೆ, ತುದಿಯಲ್ಲಿ ತೊಟ್ಟಿಕ್ಕಲು ಸಿದ್ಧವಾದ ಒಂದು ಹನಿ.

ಜಟ್ಟೆಪ್ಪ ಮುಖ ತೊಳೆಯುವುದನ್ನು ಬಿಟ್ಟ. ಓಡಿಬಂದು ಬೋರ್ಡಿಗೆ ಭೂತಗನ್ನಡಿ ಹಿಡಿದ. ಇನ್ನೂರ ನಲವತ್ತು ಓಮಿನ ಆ ಎಳ್ಳುಕಾಳಿನಂಥ ರೆಸಿಸ್ಟರು, ಅವನು ಬಗ್ಗಿ ಬೈದಾಗೆಲ್ಲ ತೊಟ್ಟಿಕ್ಕಿದ ಬೆವರು ಕುಂಕುಮದ ಕೆಸರಿನಲ್ಲಿ ಮುಳುಗಿತ್ತು. ಉಪ್ಪುನೀರಿನ ಕಳ್ಳದಾರಿಯಲ್ಲಿ ಕರೆಂಟು ಸೋರಿ, ತೂಕದ ಕಲ್ಲೇ ಹಗುರಾಗಿತ್ತು. ಹಗುರ ಕಲ್ಲಿಗೆ ತಕ್ಕಡಿ ಸಮ ಮಾಡುತ್ತಾ ಚಿಪ್ಪು ಪಾಪ ಸ್ವಿಚ್ಚಿನ ಮೇಲೆ ಸ್ವಿಚ್ಚು ಹಾಕಿತ್ತು. ಒರೆಸಿ ಮತ್ತೆ ಅಳೆದರು. ಮೂವತ್ತೊಂದು. ಚಿಪ್ಪಿನಲ್ಲಿ ಸುಟ್ಟಿದ್ದು ಮೂವತ್ತೆಂಟು.

"ಬಾಲಮ್ಮಾ!" ಕಟ್ಟಿದ ಗಂಟಲೂ ಒಡೆದು ದನಿ ಬಂತು. "ನಿನ್ನ ಕುಂಕುಮ ನನ್ನ ಬಾಳ ಹಾಳ ಮಾಡ್ತು!"

ಬಾಲಮ್ಮ ಪೊರಕೆ ಕೆಳಗಿಡಲಿಲ್ಲ. "ನಾನಿಟ್ಟಿದ್ದು ನಿನ್ ಹಣೆಗೆ ಕಣಪ್ಪಾ. ಬೋರ್ಡಿಗೆ ಇಳಿಸ್ದೋನು ನೀನು."

ಐದಕ್ಕೆ ಕಸ್ಟಮರ್ ಬಂದರು. ಸಿಗ್ನಲ್ ಸರಿಯಿದ್ದರೆ ಪರದೆಯ ಮೇಲೆ ಅಗಲವಾಗಿ ತೆರೆದ ಕಣ್ಣಿನಂಥ ಚಿತ್ರ ಮೂಡಬೇಕಿತ್ತು. ಮೂಡಿದ್ದು ಊಟವಾದ ಮೇಲಿನ ಗುಮಾಸ್ತನ ಕಣ್ಣು. ರೇವತಿ ಮೇಡಂ ಜಟ್ಟೆಪ್ಪನನ್ನು ಪಕ್ಕಕ್ಕೆ ಕರೆದು, "ಹೊಸ ಚಿಪ್ ಬರೋಕೆ ಆರು ತಿಂಗಳು. ಅಲ್ಲೀವರೆಗೂ ಕಾಂಟ್ರಾಕ್ಟಲ್ಲೇ ಇರಿ" ಎಂದರು. ಅವನು ತಲೆ ಅಲ್ಲಾಡಿಸಿದ.

ಅಷ್ಟರಲ್ಲಿ ರಾಮು ರಿಮೋಟ್ ಹಿಡಿದು ಬಂದ. "ಸ್ಟೋರಲ್ಲಿ ಸಿಕ್ತು ಮೇಡಂ!" ಎಸಿ ಚಾಲೂ ಆಯಿತು. ಮೇಡಂ ಅವನ ಬೆನ್ನು ತಟ್ಟಿದರು. ಜಟ್ಟೆಪ್ಪ ಕೂಡ, "ನೀನೊಬ್ಬನ ನೋಡಲೇ ನನಗ ಆಗೋ ಮನಷ್ಯಾ" ಎಂದು ಅವನ ಕೈ ಹಿಡಿದ.

ಇಷ್ಟೇ ಕತೆ. ಈಗ ಆ ಒಂದು ಪರ್ಸೆಂಟು.

ರಾಮು ಅಂದರೆ ನಾನೇ. ಎಸಿ ಆರಿಸಿದವನೂ ನಾನೇ. ರಿಮೋಟು ಬೆಳಿಗ್ಗೆಯಿಂದ ನನ್ನ ಕಡ್ಲೆಪುರಿ ಪೊಟ್ಟಣದಲ್ಲೇ ಇತ್ತು. ಕೇಳಿದವರಿಗೆಲ್ಲ ಐದು ನಿಮಿಷದ ತಮಾಷೆ ಎಂದು ಹೇಳಬೇಕೆಂದಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ಹಾಗಾಗಿ ನಿಮಗಾದರೂ ನಿಜ ಹೇಳುತ್ತೇನೆ: ತಮಾಷೆ ಅಲ್ಲ. ಜಟ್ಟೆಪ್ಪ ಪರ್ಮನೆಂಟ್ ಆದರೆ ಲಕ್ಷ್ಮಿದೇವಿ ಬರುತ್ತಾಳೆ, ನಾನು ರೂಮು ಬಿಡಬೇಕು. ಹೊಸ ತಿಪ್ಪಸಂದ್ರದಲ್ಲಿ ಇನ್ನೊಂದು ರೂಮು ಸಿಗಬಹುದು, ಜಟ್ಟೆಪ್ಪನಂತೆ ಜೋಳದ ರೊಟ್ಟಿ ತಟ್ಟುವವನು ಸಿಗುತ್ತಾನೆಯೇ? ಸೆಕೆಗೆ ಕೆಲಸ ಒಂದು ದಿನ ಮುಂದಕ್ಕೆ ಹೋಗಲಿ ಎಂದುಕೊಂಡಿದ್ದೆ. ಚಿಪ್ಪು ಸಾಯುತ್ತದೆಂದು ನಾನೇನು ಕನಸು ಕಂಡಿದ್ದೆನೇ?

ಈಗ ಅಡುಗೆಕಟ್ಟೆಯ ಮುಂದೆ ನಿಂತು, ರಿಮೋಟ್ ಕದ್ದವನ ವಂಶವನ್ನೆಲ್ಲ ಬೈಯುತ್ತಾ ಅವನು ರೊಟ್ಟಿ ತಟ್ಟುತ್ತಿದ್ದಾನೆ. ಸಿಟ್ಟಿನಲ್ಲಿ ತಟ್ಟಿದ ರೊಟ್ಟಿ ಬಹಳ ತೆಳ್ಳಗೆ ಬರುತ್ತದೆ. ನಾನು ನಾಲ್ಕು ತಿಂದೆ. ಐದನೆಯದು ಗಂಟಲಲ್ಲಿ ಇಳಿಯುತ್ತಿಲ್ಲ.