ಹನ್ನೊಂದು ಗೇಮ್ ಡಬ್ಬಿ, ಒಂದು ಸೀನು

ಅಂಗಡಿ ಇಟ್ಟವರ ಹಣೇಬರಾನ ಹಿಂಗ. ದಿನಾ ಪೂರ್ತಿ ದಾರಿ ಕಾದ್ರ ಒಬ್ಬ ಗಿರಾಕಿ ಬರೂದಿಲ್ಲ. ರೊಟ್ಟಿ ಮುರದು ಬಾಯಾಗ ಇಟ್ಕೊಂಡ್ರ ಸಾಕು, ಗಿರಾಕಿ ಬರ್ತಾನ, ಅವನ ಹಿಂದ ಒಂದು ಫಜೀತಿನೂ ಬರ್ತೈತಿ. ನನ್ನ ಊಟ ಎಷ್ಟು ಸಲ ಆರಿ ಹೋಗೇತಿ ಅಂತ ನಮ್ಮ ಮನಿಯಾಕಿನ್ನ ಕೇಳ್ರಿ, ಆಕಿ ಎಲ್ಲಾ ನೆನಪಿಟ್ಟಾಳ.

ಹಾವೇರಿ ಬಸ್ ಸ್ಟ್ಯಾಂಡಿನ ಹತ್ರ ನಂದು ಟಿವಿ, ಮಿಕ್ಸರ್, ಫ್ಯಾನಿನ ಅಂಗಡಿ ಐತಿ. ಹೋದ ವರ್ಷ ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ನನ್ನ ಮಾರಿ ನೋಡಿದ ಕೂಡ್ಲೆ ಇಂವ ಭೋಳೆ ಮನಶ್ಯಾ ಅಂತ ಗುರ್ತು ಹಿಡದು, ಹನ್ನೊಂದು ವಿಡಿಯೊ ಗೇಮ್ ಡಬ್ಬಿ ನನ್ನ ಕೊಳ್ಳಿಗೆ ಕಟ್ಟಿದ. ಟಿವಿಗೆ ಜೋಡಸೂ ಡಬ್ಬಿ ಅದು. ಅದಕ್ಕ ಮುಂದ ಕ್ಯಾಮೆರಾದ ಒಂದು ಕಣ್ಣು ಇರ್ತೈತಿ. ನಾವು ಅದರ ಮುಂದ ನಿಂತು ಕೈಕಾಲು ಆಡಿಸಿದ್ರ ಟಿವ್ಯಾಗ ಆಟ ನಡೀತೈತಿ. ತಂದ ಮ್ಯಾಲೆ ಗೊತ್ತಾತು, ಅದನ್ನ ಮಾಡೂ ಕಂಪನಿಯವರ ಅದರ ಆಸೆ ಬಿಟ್ಟಿದ್ರು. ಹೊಸಾ ಆಟ ಬರೂದು ನಿಂತಿತ್ತು. ಕಾಲೇಜಿನ ಹುಡುಗರು ಬಂದು ಡಬ್ಬಿ ಹೊಳ್ಳಿಸಿ ನೋಡಿ, "ಅಂಕಲ್, ಇದು ಸತ್ತ ಮಷೀನ್ ರೀ" ಅಂದು ಮೊಬೈಲ್ ಕವರ್ ತಗೊಂಡು ಹೋಗ್ತಿದ್ರು.

ಅಂಗಡ್ಯಾಗ ಜಾಗಾ ಇಲ್ಲ ಅಂತ ಡಬ್ಬಿ ಮನಿಗೆ ತಂದೆ. ಅಟ್ಟ ತುಂಬಿತು. ಶ್ಯಾವಿಗಿ ಡಬ್ಬಿ ಇಡೂ ಜಾಗಾದಾಗ ಗೇಮ್ ಡಬ್ಬಿ ಕುಂತ್ವು. ಅವತ್ತ ನಮ್ಮ ಮನಿಯಾಕಿ ತೀರ್ಪು ಕೊಟ್ಲು. "ನೋಡ್ರಿ, ಯುಗಾದಿ ಒಳಗ ಈ ಹನ್ನೊಂದೂ ಮನಿ ಬಿಟ್ಟು ಹೋಗ್ಬೇಕು. ಇಲ್ಲಂದ್ರ ಅಂಗಡಿ ಬಾಗಲಾ ಹಾಕಿ ಬ್ಯಾಡಗಿಗೆ ಹೋಗ್ರಿ. ನನ್ನ ತಮ್ಮಗ ನಂಬಿಗಸ್ತ ಮನಶ್ಯಾರು ಬೇಕಾಗ್ಯಾರಂತ."

ಆಕಿ ತಮ್ಮಂದು ಬ್ಯಾಡಗ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ. ಒಳ್ಳೆ ಹುಡುಗ, ಒಳ್ಳೆ ಅಂಗಡಿ. ಆದ್ರ ಮೆಣಸಿನಕಾಯಿ ಚೀಲ ದೂರದಿಂದ ಕಂಡ್ರ ಸಾಕು, ನನ್ನ ಮೂಗು ನನ್ನ ಮಾತು ಕೇಳೂದಿಲ್ಲ. ಇಪ್ಪತ್ತು ವರ್ಷದ ಅಂಗಡಿ ಬಿಟ್ಟು ಉಳದ ಆಯುಷ್ಯಾ ಸೀನಕೋತ ಕಳೀಬೇಕಲ್ಲ ಅಂತ ನನಗ ಖರೇನ ಅಂಜಿಕಿ ಆತು. ಹೆಂಗರೆ ಮಾಡಿ ಈ ಸತ್ತ ಮಷೀನಿಗೆ ಜೀವಾ ತುಂಬಬೇಕು ಅಂತ ಟೊಂಕಾ ಕಟ್ಟಿದೆ.

ಕುರುಡು ಡಬ್ಬಿ

ಮೊದಲನೇ ಡಬ್ಬಿ ಒಯ್ದವರು ಅಗಡಿಯ ಒಬ್ಬ ಯಜಮಾನರು. ಮೊಮ್ಮಕ್ಕಳು ಮೊಬೈಲ್ ಹಿಡದು ಕುಂತಲ್ಲೇ ಕುಂದರ್ತಾವು, ಇದರಾಗಾದ್ರೂ ಕುಣೀಲಿ ಅಂತ ಒಯ್ದ್ರು. ಮರುದಿನ ಮೊದಲನೇ ಬಸ್ಸಿಗೆ ಡಬ್ಬಿ ಬಗಲಾಗ ಹಿಡಕೊಂಡು ವಾಪಸ್ ಬಂದ್ರು.

"ಇದಕ್ಕ ಕಣ್ಣ ಕಾಣೂದಿಲ್ಲರಿ. ಹುಡುಗರು ಒಂದು ತಾಸು ಕುಣದ್ವು. ನಾನೂ ಕುಣದೆ. ಯಾರನ್ನೂ ಗುರ್ತು ಹಿಡೀಲಿಲ್ಲ ಇದು."

ಬಿಚ್ಚಿ ನೋಡ್ತೀನಿ, ಡಬ್ಬಿ ಕಣ್ಣಿನ ಮ್ಯಾಲೆ ಸರಿಯಾಗಿ ಮೂರು ಬಟ್ಟಿನ ವಿಭೂತಿ. ನಡಬರಕ ದಪ್ಪಂದೊಂದು ಕುಂಕುಮದ ಬಟ್ಟು. ಹೊಸಾ ಸಾಮಾನು ಮನಿಗೆ ಬಂದ್ರ ಪೂಜಾ ಮಾಡದ ಚಾಲೂ ಮಾಡೂದು ಹೆಂಗ? ಟ್ರ್ಯಾಕ್ಟರಿಗೆ ಮಾಡಿದ್ರು, ಫ್ರಿಜ್ಜಿಗೆ ಮಾಡಿದ್ರು, ಇದಕ್ಕೂ ಮಾಡಿದ್ರು. ನಾನು ಅರಿವಿ ತಗೊಂಡು ಒರಸಾಕ ಹೋದ್ರ ಯಜಮಾನರು ಕೈ ಹಿಡದ್ರು.

"ಪೂಜಾ ಮಾಡಿದ್ದು ಒರಸ್ತೀರೇನು?"

"ಯಜಮಾನ್ರ, ಕಣ್ಣಾಗ ವಿಭೂತಿ ತುಂಬಿದ್ರ ಯಾರಿಗರೆ ಕಾಣ್ತೈತೇನ್ರಿ?"

ಅವರು ಡಬ್ಬಿ ಹೊಳ್ಳಿಸಿ ನೋಡಿ, "ಇದರ ಹಣಿ ಎಲ್ಲೈತಿ ಅಂತ ನನಗ ಹೆಂಗ ಗೊತ್ತಾಗಬೇಕು? ನೀವು ಹೇಳಬೇಕಿತ್ತಿಲ್ಲೋ" ಅಂದ್ರು.

ಅವರ ಮಾತು ನ್ಯಾಯದ್ದು. ವಿಭೂತಿ ಕಣ್ಣಿನಿಂದ ಮ್ಯಾಲಕ್ಕ ಸರಿಸಿ ಡಬ್ಬಿ ಹೊಳ್ಳಿ ಅವರ ಕೈಯಾಗ ಕೊಟ್ಟೆ. ಅವತ್ತಿನಿಂದ ಪ್ರತಿ ಡಬ್ಬಿ ಮ್ಯಾಲೆ, ಕಣ್ಣಿನಿಂದ ನಾಕು ಬಟ್ಟು ಎತ್ತರಕ್ಕ, 'ಹಣಿ' ಅಂತ ಒಂದು ಚೀಟಿ ಅಂಟಸಾಕ ಚಾಲೂ ಮಾಡಿದೆ. ಅಷ್ಟು ದೊಡ್ಡ ಕಂಪನಿಯವರಿಗೆ ಈ ಒಂದು ವಿಚಾರ ಹೊಳದಿರಲಿಲ್ಲ.

ಮಖಮಲ್ ಅಂಗಿ

ಎರಡನೇ ಡಬ್ಬಿ ರಾಣೆಬೆನ್ನೂರಿನ ಒಬ್ಬ ಟೀಚರಬಾಯಿ ಒಯ್ದ್ರು. ವಾರದಾಗ ಫೋನ್ ಬಂತು. ಅರ್ಧ ತಾಸು ಆಡಿದ್ರ ಡಬ್ಬಿ ತಾನ ಬಂದ್ ಆಗ್ತೈತಿ ಅಂತ. ರಾಣೆಬೆನ್ನೂರಾಗ ನನ್ನ ಹಳೇ ದೋಸ್ತ ಒಬ್ಬ ರಿಪೇರಿ ಉಸ್ತಾದ್ ಅದಾನ. ಅವನ ಕೈಗೆ ಬಂದ ರೇಡಿಯೊ ಸತ್ತಿದ್ರೂ ಎದ್ದು ಕುಂದರ್ತಾವು. ಅವನ್ನ ಕರಕೊಂಡು ಹೋದೆ.

ಟೀಚರ ಮನ್ಯಾಗ ಕಾಲಿಟ್ರ ಎಲ್ಲಾ ಸಾಮಾನಿಗೂ ಅಂಗಿ. ಟಿವಿಗೆ ಕಸೂತಿ ಹಾಕಿದ ಕವರು, ಮಿಕ್ಸರಿಗೆ ಒಂದು, ಫ್ರಿಜ್ಜಿನ ಹಿಡಕಿಗೆ ಒಂದು, ರಿಮೋಟಿಗೆ ಪ್ಲಾಸ್ಟಿಕ್. ನಮ್ಮ ಡಬ್ಬಿಗೆ ಕೆಂಪು ಮಖಮಲ್ಲಿನ ಅಂಗಿ, ಸುತ್ತಲೂ ಝಾಲರಿ. ಕಣ್ಣಿಗೆ ಮಾತ್ರ ಒಂದು ತೂತು ಬಿಟ್ಟು ಕಾಜಾ ಹೊಲದಿದ್ರು. ಆಡುವಾಗನೂ ಬಿಚ್ಚತಿರಲಿಲ್ಲ.

ಉಸ್ತಾದ್ ಮ್ಯಾಲೆ ಕೈ ಇಟ್ಟು ಲಗೂ ಹಿಂದಕ್ಕ ತಗದ. "ಬಾಯೋರ, ರಾಣೆಬೆನ್ನೂರ ಬಿಸಲಾಗ ನಾವ ಬನಿಯನ್ ಮ್ಯಾಲೆ ಕುಂದರ್ತೀವಿ. ಈ ಬಿಚಾರಾಗ ಮಖಮಲ್ ಶೇರ್ವಾನಿ ತೊಡಸೀರಿ. ಮದಿವಿ ಐತೇನ್ರಿ ಇದರದು?"

"ಧೂಳಾ ಕುಂದರ್ತೈತಲ್ರಿ" ಅಂದ್ರು ಟೀಚರು.

"ಕುಂದರ್ಲಿ ಬಿಡ್ರಿ. ಧೂಳಿನಾಗ ಬದುಕ್ತೈತಿ, ಶೇರ್ವಾನ್ಯಾಗ ಸಾಯ್ತೈತಿ."

ಟೀಚರು ಒಲ್ಲದ ಮನಸ್ಸಿನಿಂದ ಅಂಗಿ ಬಿಚ್ಚಿದ್ರು. ಮುಂದಿನ ವಾರ ಹೋಗಿ ನೋಡಿದ್ರ ಡಬ್ಬಿ ತಣ್ಣಗ ನಡದೈತಿ, ಮೈಮ್ಯಾಲೆ ಸೊಳ್ಳಿ ಪರದಿ ಅರಿವಿಯ ಬಿಳಿ ತೋಳಿಲ್ಲದ ಅಂಗಿ. "ಉಸ್ತಾದ್ ಹೇಳಿದ್ರಲ್ಲ, ಬನಿಯನ್ ಹೊಲದೇನ್ರಿ" ಅಂದ್ರು. ಅದರ ಚಂದ ನೋಡಿ ಅವರ ಓಣ್ಯಾಗ ಇನ್ನೂ ಎರಡು ಮನಿಯವರು ಡಬ್ಬಿ ಬೇಕು ಅಂದ್ರು, ಬನಿಯನ್ ಸಮೇತ. ಉಳದ ಮಖಮಲ್ಲಿನಾಗ ಟೀಚರು ಉಸ್ತಾದನ ಕರೆಂಟ್ ನೋಡೂ ಮೀಟರಿಗೆ ಒಂದು ಝಾಲರಿ ಅಂಗಿ ಹೊಲದು ಕೊಟ್ಟಾರ. ಅಂವಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಈಗ ಎಲ್ಲೇ ರಿಪೇರಿಗೆ ಹೋದ್ರೂ ಮೊದ್ಲ ಮೀಟರಿನ ಅಂಗಿ ಗುಂಡಿ ಬಿಚ್ಚತಾನ.

ಮಾಸ್ತರ ಸೀಟಿ

ಐದನೇದು ಗುತ್ತಲಕ್ಕ ಹೋತು. ರಿಟಾಯರ್ ಆದ ಡ್ರಿಲ್ ಮಾಸ್ತರು, ಮೊಣಕಾಲು ಹಿಡದಾವು ಅಂತ ಒಯ್ದಿದ್ರು. ಅದರಾಗ ಒಂದು ಕವಾಯತಿನ ಆಟ ಐತಿ. ಟಿವ್ಯಾಗ ಒಬ್ಬ ಹುಡುಗಿ ಬಂದು ಕೈಕಾಲು ಆಡಸ್ತಾಳ, ನಾವು ಆಕಿ ಮಾಡಿದಂಗ ಮಾಡಬೇಕು. ಮೂರನೇ ದಿನ ಮಾಸ್ತರು ಸಿಟ್ಟಿಲೆ ಬಂದ್ರು.

"ಆ ಹುಡುಗಿಗೆ ಶಿಸ್ತು ಇಲ್ಲ. ವಿಶ್ರಾಮ ಅಂದ್ರೂ ಜಿಗೀತಾಳ, ಸಾವಧಾನ ಅಂದ್ರೂ ಜಿಗೀತಾಳ. ಸೀಟಿ ಊದಿ ಊದಿ ನನ್ನ ಗಲ್ಲ ನೋವು ಬಂದಾವು."

"ಸರ್, ಆಕಿ ಹೇಳಿದ್ದು ನೀವು ಮಾಡಬೇಕ್ರಿ."

"ಮೂವತ್ತು ವರ್ಷ ಮಂದಿ ಕಡೆ ಮಾಡಿಸೇನಿ. ಈ ವಯಸ್ಸಿನಾಗ ಆ ಹುಡುಗಿ ಮಾತು ಕೇಳ್ಲೇನು?"

ನಾನು ರಿಮೋಟ್ ಕೊಟ್ಟು, ಯಾವ ಗುಂಡಿ ಒತ್ತಿದ್ರ ಆಕಿ ನಿಂದರ್ತಾಳ, ಯಾವುದು ಒತ್ತಿದ್ರ ಮತ್ತ ಚಾಲೂ ಆಗ್ತಾಳ ಅಂತ ತೋರಿಸಿದೆ. ಮಾಸ್ತರ ಮಾರಿ ಅರಳಿತು. ಈಗ ದಿನಾ ಮುಂಜಾನೆ ಗುತ್ತಲದಾಗ ಆ ಹುಡುಗಿ ಬೆವರು ಸುರಸ್ತಾಳ, ಮಾಸ್ತರು ಕುರ್ಚಿ ಮ್ಯಾಲೆ ಕುಂತು ಸೀಟಿ ಊದ್ತಾರ. ಮೊಣಕಾಲು ಹಂಗ ಅದಾವು, ಆದ್ರ ಮನಶ್ಯಾರು ಭಾಳ ಗೆಲುವಾಗ್ಯಾರ.

ಒಂಟಿ ಸೀನು

ಶಿವರಾತ್ರಿ ಮುಗೀತು. ಇನ್ನೂ ಆರು ಡಬ್ಬಿ ಅಟ್ಟದ ಮ್ಯಾಲೆ ಕುಂತು ನನ್ನನ್ನ ನೋಡಾಕತ್ತಿದ್ವು. "ಮಾಮಾ, ಹೆಂಗೂ ಬರೂದು ಐತಿ. ಒಂದು ವಾರ ಬಂದು ಕೆಲಸ ನೋಡಿ ಹೋಗ್ರಿ" ಅಂತ ಬ್ಯಾಡಗಿಯಿಂದ ಹೆಂಡ್ತಿ ತಮ್ಮ ಫೋನ್ ಮಾಡಿದ. ಹೊತ್ತು ಹೋಗಲಿಕ್ಕ ಒಂದು ಡಬ್ಬಿ ಚೀಲದಾಗ ಹಾಕ್ಕೊಂಡು ಹೋದೆ.

ಬ್ಯಾಡಗ್ಯಾಗ ಟೆಂಡರಿನಾಗ ರೇಟ್ ಬರಿಯೂ ಮೊದ್ಲ ವ್ಯಾಪಾರಿಗಳು ಅಂಗಡಿ ಅಂಗಡಿಗೆ ಬಂದು ಕಾಯಿ ಮುರದು, ಮೂಸಿ ನೋಡ್ತಾರ. ಒಬ್ಬ ದೊಡ್ಡ ವ್ಯಾಪಾರಿ ಬಂದು ನಮ್ಮ ರಾಶಿಯಾಗ ಕೈ ಹಾಕಿದ, ಬಣ್ಣಾ ನೋಡಿ ತಲಿ ತೂಗಿದ, ಇನ್ನೇನು ಹೂಂ ಅನ್ನಬೇಕು, ನಾನು ಸೀನಿದೆ.

ಒಂದ ಸೀನು.

ಒಂಟಿ ಸೀನು ಅಪಶಕುನ, ಜೋಡಿ ಸೀನಿಗೆ ದೋಷ ಇಲ್ಲ ಅನ್ನೂದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ವ್ಯಾಪಾರಿ ಹಂಗ ನಿಂತ. ಹಮಾಲರು ನಿಂತ್ರು. ಎಲ್ಲಾರೂ ನನ್ನ ಮೂಗು ನೋಡಕೋತ ನಿಂತ್ರು. ಎರಡನೇ ಸೀನು ಬರಲಿಲ್ಲ. ವ್ಯಾಪಾರಿ ಕೈ ಝಾಡಿಸಿಕೊಂಡು ಬಾಜೂ ಅಂಗಡಿಗೆ ಹೋದ.

ಅವತ್ತು ಹಿಂಗ ಮೂರು ಸಲ ಆತು. ಮೂರೂ ಸಲ ಒಂಟಿ. ಸಂಜಿಮುಂದ ಹೆಂಡ್ತಿ ತಮ್ಮ ಕೈ ಮುಗದ. "ಮಾಮಾ, ಸೀನಿದ್ರ ಎರಡು ಸೀನ್ರಿ. ಆಗೂದಿಲ್ಲಂದ್ರ ಒಂದೂ ಸೀನಬ್ಯಾಡ್ರಿ." ಮರುದಿನದಿಂದ ನನ್ನನ್ನ ಹಿತ್ತಲದ ಖೋಲಿಗೆ ವರ್ಗಾ ಮಾಡಿದ. ಅಲ್ಲಿ ಒಂದು ಹಳೇ ಟಿವಿ ಇತ್ತು.

ಕೆಂಪು ಬಲಕ್ಕ, ಬಿಳಿದು ಎಡಕ್ಕ

ಖೋಲಿ ಬಾಜೂಕ ಕಾಯಿ ಆರಸೂ ಹೆಣ್ಮಕ್ಕಳು ಕುಂದರ್ತಿದ್ರು. ಕೆಂಪು ಕಾಯಿ ಒಂದು ಕಡೆ, ಬಣ್ಣಾ ಹೋದ ಬಿಳಿಗಾಯಿ ಒಂದು ಕಡೆ, ಮುಂಜಾನೆಯಿಂದ ಸಂಜಿ ತನಕ ಅದ ಕೆಲಸ. ಒಂದಿನ ಬುತ್ತಿ ಹೊತ್ತಿಗೆ ನಾನು ಡಬ್ಬಿ ಹಚ್ಚಿ ಆಡಾಕತ್ತಿದ್ದೆ. ಆಟ ಇಷ್ಟ: ಮ್ಯಾಲಿಂದ ಚೆಂಡು ಬೀಳ್ತಾವು, ಕೆಂಪು ಚೆಂಡು ಬಲಕ್ಕ ತಳ್ಳಬೇಕು, ಬಿಳಿದು ಎಡಕ್ಕ. ಒಂದೊಂದು ಹಂತಕ್ಕ ಬೀಳೂ ಬಿರುಸು ಹೆಚ್ಚಾಗ್ತೈತಿ. ನಾನು ಮೂರನೇ ಹಂತ ದಾಟಿದಂವ ಅಲ್ಲ.

ಬಾಗಲದಾಗ ನಿಂತ ಒಬ್ಬ ವಯಸ್ಸಾದ ಅವ್ವ, "ಅಣ್ಣಾರ, ಕೈ ಹಂಗಲ್ಲ. ಸರೀರಿ ಅತ್ಲಾಗ" ಅಂದ್ಲು. ನೆಲದ ಮ್ಯಾಲೆ ಪದ್ಮಾಸನ ಹಾಕಿ ಕುಂತ್ಲು. ನಾನು ಡಬ್ಬಿ ಕಣ್ಣು ಕೆಳಗ ಇಳಿಸಿದೆ.

ಆಕಿ ಟಿವಿ ಪೂರ್ತಿ ನೋಡ್ಲೂ ಇಲ್ಲ. ಬಾಜೂದಾಕಿ ಜೋಡಿ ಸೊಸಿ ಸುದ್ದಿ ಮಾತಾಡಕೋತ ಕೈ ಆಡಿಸಿದ್ಲು. ಐದನೇ ಹಂತ ಹೋತು, ಎಂಟನೇದು ಹೋತು. ಹನ್ನೆರಡನೇದು ಮುಗದ ಮ್ಯಾಲೆ ಪಟಾಕಿ ಹಾರಿ, ಆಟ ತೀರಿತು ಅಂತ ಟಿವಿ ಸುಮ್ನಾತು. ಅವ್ವ ನನ್ನ ಕಡೆ ಹೊಳ್ಳಿ, "ಆತೇನ್ರಿ? ಇನ್ನೊಂದು ಚೀಲ ಸುರವ್ರಿ" ಅಂದ್ಲು.

ನನಗ ಆಗ ಹೊಳೀತು. ಈ ಡಬ್ಬಿ ಸತ್ತಿಲ್ಲ, ಅದಕ್ಕ ತಕ್ಕ ಮಂದಿ ಸಿಕ್ಕಿರಲಿಲ್ಲ. ಮುಂದಿನ ರವಿವಾರ ಹಾವೇರಿ ಅಂಗಡಿ ಮುಂದ ಟಿವಿ ಇಟ್ಟು, ಸತ್ತ ಮಷೀನ್ ಅಂದ ಕಾಲೇಜ್ ಹುಡುಗರನ್ನೆಲ್ಲಾ ಕರದೆ, ಬ್ಯಾಡಗಿಯಿಂದ ಅವ್ವನ್ನೂ ಕರದೆ. ಅವರಾಗ ಒಬ್ಬ ಗೇಮಿನಾಗ ಭಾಳ ಹುಷಾರ್ ಅಂತ ಹೆಸರಾದಂವ ಬಂದು ಏಳನೇ ಹಂತದಾಗ ಕೈಸೋತ. ಅವ್ವ ಬಸ್ಸಿನಿಂದ ಇಳದು, ಬುತ್ತಿ ಗಂಟು ಬಾಜೂಕಿಟ್ಟು, ಫುಟ್‌ಪಾತಿನ ಮ್ಯಾಲೆ ಕುಂತು ಹನ್ನೆರಡೂ ಮುಗಿಸಿದ್ಲು. ಮಂದಿ ಕೂಡಿ ರಸ್ತೆ ಬಂದ್ ಆತು. ನನ್ನ ಎದಿ ಉಬ್ಬಿ ಅಂಗಿ ಗುಂಡಿ ಬಿಗಿ ಆದ್ವು.

ಹುಡುಗ ಪಾಪ, ಮಾರಿ ಸಣ್ಣದು ಮಾಡಿ, "ಅಜ್ಜಿ, ಹೆಂಗ ಕಲತ್ರಿ?" ಅಂದ.

"ತಮ್ಮಾ, ನೀ ತಪ್ಪಿದ್ರ ಚೆಂಡು ಹೋಗ್ತೈತಿ. ನಾ ತಪ್ಪಿದ್ರ ಸಾವಕಾರ ಬೈತಾನ" ಅಂದ್ಲು ಅವ್ವ.

ಯಾರೋ ಮೊಬೈಲಿನಾಗ ಹಿಡದ ವಿಡಿಯೊ ಊರಾಗೆಲ್ಲಾ ಓಡ್ಯಾಡಿತು. ಬುಧವಾರದೊಳಗ "ಬ್ಯಾಡಗಿ ಅವ್ವ ಆಡಿದ ಡಬ್ಬಿ ಕೊಡ್ರಿ" ಅಂತ ಬಂದು ಐದು ಒಯ್ದ್ರು. ಮೊದ್ಲ ಒಯ್ದಂವ ಸೋತ ಹುಡುಗ.

ಹನ್ನೊಂದನೇದು

ಉಳದದ್ದು ಒಂದ. ಯುಗಾದಿ ಹಿಂದಿನ ದಿನಾ ಬಂತು, ಅದನ್ನ ಕೇಳೂ ನರಮನಶ್ಯಾ ಬರಲಿಲ್ಲ. ನಮ್ಮ ಮನಿಯಾಕಿ ಮಾತು ಅಂದ್ರ ಮಾತು. ಹನ್ನೊಂದು ಅಂದ್ರ ಹನ್ನೊಂದು. ನಾನು ಅಂಗಡಿ ಕೀಲಿ ಕೈಯಾಗ ಹಿಡದು ತಿರುವಕೋತ ಕುಂತಿದ್ದೆ.

ಅಷ್ಟರಾಗ ಬ್ಯಾಡಗಿಯಿಂದ ಹೆಂಡ್ತಿ ತಮ್ಮ ತನ್ನ ಅಂಗಡಿ ಬಿಟ್ಟು ಸೀದಾ ನಮ್ಮ ಮನಿಗೆ ಓಡಿ ಬಂದ. "ಮಾಮಾ, ಆ ಡಬ್ಬಿ ಕೊಡ್ರಿ. ನಾನ ಒಯ್ತೀನಿ. ಅದು ಉಳದ್ರ ಅಕ್ಕ ನಿಮ್ಮನ್ನ ನನ್ನ ಅಂಗಡಿಗೆ ಕಳಸ್ತಾಳ. ಹೆಣ್ಮಕ್ಕಳೂ ಬುತ್ತಿ ಹೊತ್ತಿಗೆ ಆಡಾಕ ಬೇಕಂತಾರ." ಡಬ್ಬಿ ಎತ್ತಿ ಎದಿಗೆ ಅವಚಿಕೊಂಡ.

ಅವನ ಅಂಗಿ ತುಂಬ ಮೆಣಸಿನಕಾಯಿ ಧೂಳಾ. ನಾನು ಸೀನಿದೆ.

ಹುಡುಗ ಡಬ್ಬಿ ಹಂಗ ಕೆಳಗಿಟ್ಟ. "ಇನ್ನೊಂದು ಸೀನ್ರಿ ಮಾಮಾ."

ನನಗ ಬಂದ್ರ ತಾನ ಸೀನೂದು. ಬಿಸಲಾಗ ನಿಂತು ಮ್ಯಾಲೆ ನೋಡಿದೆ. ಮೂಗಿನಾಗ ದಾರ ಆಡಿಸಿದೆ. ಅವನ ಅಂಗಿಗೇ ಮೂಗು ಹಚ್ಚಿ ಎಳಕೊಂಡೆ. ಕಣ್ಣಾಗ ನೀರು ಬಂದ್ವು, ಸೀನು ಬರಲಿಲ್ಲ. ಹುಡುಗ ಕಾಲು ಗಂಟೆ ಕಾದು ಚಪ್ಪಲಿ ಮೆಟ್ಟಿದ. "ಒಂಟಿ ಸೀನಿನ ಮ್ಯಾಲೆ ನಾನು ಸಾಮಾನು ಎತ್ತೂದಿಲ್ಲ. ನಾಡಿದ್ದು ನೋಡೂಣು."

ನಾಡಿದ್ದು ಅಂದ್ರ ಯುಗಾದಿ ಮುಗದಿರ್ತೈತಿ. ಬಾಜೂಕ ಕುಂತಿದ್ದ ನಮ್ಮ ಮನಿಯಾಕಿ ಎದ್ದು ಅಡಗಿ ಮನಿಗೆ ಹೋದ್ಲು. ಎಣ್ಣಿ ಕಾದ ವಾಸನಿ ಬಂತು. ಚುಂಯ್ ಅಂತ ಸಪ್ಪಳಾತು. ಬಾಗಲದಿಂದ ಘಾಟು ಹೊರಗ ಬಂತು ನೋಡ್ರಿ, ನಾನು ಮನಿ ಗ್ವಾಡಿ ನಡಗೂ ಹಂಗ ಎರಡನೇ ಸೀನು ಸೀನಿದೆ.

ಹುಡುಗ ಡಬ್ಬಿ ಎತ್ತಿ ಹೊಸ್ತಿಲ ದಾಟಿಬಿಟ್ಟ. ಹನ್ನೊಂದೂ ಹೋದ್ವು, ಅಂಗಡಿ ಉಳೀತು. ನನ್ನನ್ನ ಬ್ಯಾಡಗಿಗೆ ಕಳಸೂ ಮನಸ್ಸು ಆಕಿಗೂ ಇರಲಿಲ್ಲ ಅಂತ ನನಗ ಅವತ್ತ ತಿಳೀತು.

ಗೇಟಿನ ತನಕ ಹೋದ ಹುಡುಗ ಅಲ್ಲೇ ನಿಂತ. ಮೂಗು ಮ್ಯಾಲೆತ್ತಿ ಎರಡು ಸಲ ಮೂಸಿದ. ಹುಟ್ಟಿದಾಗಿಂದ ಕಾಯಿ ಮೂಸಿದ ಮೂಗು ಅದು. "ಅಕ್ಕಾ, ಈ ಘಾಟು ನಮ್ಮ ಕಾಯಿದಲ್ಲ."

ಆಕಿ ಸೆರಗಿಲೆ ಕಣ್ಣು ಒರಸಿಕೊಂಡು ಹೊರಗ ಬಂದ್ಲು. "ಹೌದು ತಮ್ಮಾ. ನಮ್ಮ ಬ್ಯಾಡಗಿ ಕಾಯಿಗೆ ಇವರು ಒಂದ ಸೀನ್ತಾರ. ಎರಡನೇದಕ್ಕ ಖಾರದ ಗುಂಟೂರ ಕಾಯಿನ ಬೇಕು."